ಕೊಟ್ಟ ಮಗಳನ್ನೂ ಎಣಿಸಿರಿ

ಆ ದಿನ ಮುಂಜಾನೆ ಸವಣೂರಿನ ಮೇಲೆ ಮೂಡಗಾಳಿ ಎದ್ದಿತ್ತು. ಮಾಘ ಮಾಸದ ಒಣ ಗಾಳಿ. ಮಂಜಿಲ್ಲ, ಮೋಡವಿಲ್ಲ, ಆಕಾಶ ತೊಳೆದು ಬೋರಲು ಹಾಕಿದ ತಟ್ಟೆಯ ಹಾಗೆ ಖಾಲಿಯಾಗಿತ್ತು. ಇಂಥ ಗಾಳಿ ಬೀಸಿದರೆ ಎಲೆತೋಟದವರಿಗೆ ಜೀವ ನಿಲ್ಲುವುದಿಲ್ಲ. ವೀಳ್ಯದೆಲೆಯ ಅಂಚು ಒಣಗುತ್ತದೆ, ಎಲೆ ಬಿರುಸಾಗುತ್ತದೆ, ಸಂತೆಯಲ್ಲಿ ಕೈಗೆತ್ತಿಕೊಂಡವರು ಹಾಗೆಯೇ ಕೆಳಗಿಟ್ಟು ಮುಂದೆ ಹೋಗುತ್ತಾರೆ. ಅದಕ್ಕೇ ಕುಬೇರಪ್ಪ ಬೇಗ ಎದ್ದು, ಲಿಂಗಪೂಜೆ ಮುಗಿಸಿ, ಹಣೆಯ ವಿಭೂತಿ ಇನ್ನೂ ಹಸಿಯಿರುವಾಗಲೇ ತೋಟಕ್ಕೆ ಬಂದು ಮೂಡಣ ಬೇಲಿಗೆ ಜೋಳದ ದಂಟಿನ ತಡಿಕೆ ಕಟ್ಟುತ್ತಿದ್ದ.

ಕೈ ಕೆಲಸದಲ್ಲಿತ್ತು, ಮನಸ್ಸು ಮನೆಯ ಕಟ್ಟೆಯ ಮೇಲಿತ್ತು. ಅಲ್ಲಿ ಅವನ ಕಿರಿಯ ಮಗ ಮಂಜಪ್ಪ ಕಂಬಳಿ ಹೊದ್ದು ಗೋಡೆಗೊರಗಿ ಕೂತಿದ್ದ. ಹತ್ತೊಂಬತ್ತರ ಹುಡುಗ. ಹೋದ ವರ್ಷ ಇದೇ ತಡಿಕೆಗಳನ್ನು ತಲೆಯ ಮೇಲೆ ಹೊತ್ತು ಓಡಿಬಂದವನು. ದಸರೆ ಹೊತ್ತಿಗೆ ಅವನಿಗೆ ದಣಿವು ಶುರುವಾಯಿತು. ಬೇವಿನ ಕಡ್ಡಿ ಬಾಯಿಗಿಟ್ಟರೆ ಒಸಡಿನಿಂದ ರಕ್ತ. ಏನೂ ತಾಗದಿದ್ದರೂ ಕಾಲಿನ ಮೇಲೆ ನೀಲಿ ಕಲೆ. ಶಿಗ್ಗಾಂವಿಯ ಆಚೆ ಪುಡಿ ಕೊಡುವವನೊಬ್ಬನಿದ್ದಾನೆ ಎಂದು ಯಾರೋ ಹೇಳಿದರು. ಆ ಪುಡಿ ನೆಕ್ಕುತ್ತ ದೀಪಾವಳಿ ಕಳೆಯಿತು. ಆಮೇಲೆ ಹುಬ್ಬಳ್ಳಿಗೆ ಕರೆದುಕೊಂಡು ಹೋದರು. ಅಲ್ಲಿಯ ಡಾಕ್ಟರು ಪರೀಕ್ಷೆ ಮಾಡಿ, ಎಲುಬಿನೊಳಗೆ ರಕ್ತ ಹುಟ್ಟುವ ಜಾಗವೇ ಬರಿದಾಗಿದೆ ಎಂದರು. ಆಗಾಗ ಒಂದು ಬಾಟಲಿ ರಕ್ತ ಹಾಕಿ ಕಳಿಸುತ್ತಿದ್ದರು. ಹೀಗೆ ಬಹಳ ದಿನ ನಡೆಯುವುದಿಲ್ಲ, ಒಡಹುಟ್ಟಿದವರ ಎಲುಬಿನ ಮಜ್ಜೆ ಹೊಂದಿದರೆ ಮುಂಬಯಿಗೆ ಕಳಿಸಿ ಅದನ್ನು ಹಾಕಿಸಬಹುದು ಎಂದೂ ಹೇಳಿದ್ದರು. ಹಿರಿಯ ಮಗ ಪರಮೇಶಪ್ಪ ಎರಡು ಮಾತಾಡದೆ ತೋಳು ಚಾಚಿ ಪರೀಕ್ಷೆಗೆ ರಕ್ತ ಕೊಟ್ಟು ಬಂದಿದ್ದ. ನಿನ್ನೆ ಅದರ ಉತ್ತರ ಬಂತು. ಹೊಂದಲಿಲ್ಲ.

ತೋಟದ ಬದುವಿನ ಮೇಲೆ ಗೌಹರ ಬಂದಳು. ಸರಕಾರಿ ದವಾಖಾನೆಯ ನರ್ಸಬಾಯಿ. ಪಕ್ಕದ ಓಣಿಯವಳು, ಕುಬೇರಪ್ಪನನ್ನು ಅಣ್ಣ ಎಂದೇ ಕರೆಯುವವಳು. ದಿನವೂ ತನ್ನ ಮುದಿ ತಾಯಿಗೆಂದು ನಾಲ್ಕು ಎಲೆ ಒಯ್ಯುತ್ತಿದ್ದಳು. ಅಂದು ಎಲೆ ಕೇಳಲಿಲ್ಲ. ಸುದ್ದಿ ತಿಳಿದೇ ಬಂದಿದ್ದಳು. ಸ್ವಲ್ಪ ಹೊತ್ತು ತಡಿಕೆಯ ಇನ್ನೊಂದು ತುದಿ ಹಿಡಿದು ನಿಂತು, ಡಾಕ್ಟರು ಏನು ಕೇಳಿದರು, ನೀವು ಏನು ಹೇಳಿದಿರಿ, ಅಷ್ಟನ್ನು ನನಗೆ ಇನ್ನೊಮ್ಮೆ ಹೇಳಿರಿ ಎಂದಳು.

"ಮಕ್ಕಳು ಎಷ್ಟು ಮಂದಿ ಅಂತ ಕೇಳಿದ್ರು. ಇಬ್ಬರು ಅಂದ್ನಿ. ದೊಡ್ಡಾಂವ, ಇಂವ."

"ಮತ್ತ ಹಾಲವ್ವ?"

ಕುಬೇರಪ್ಪ ಹಗ್ಗ ಬಿಟ್ಟು ಅವಳ ಮುಖ ನೋಡಿದ. ಮಗಳನ್ನು ಅವನು ಮರೆತಿರಲಿಲ್ಲ. ಮರೆಯುವಂಥ ಮಗಳಲ್ಲ ಅವಳು. ಆದರೆ ಮಕ್ಕಳೆಷ್ಟು ಎಂದು ಯಾರಾದರೂ ಕೇಳಿದರೆ ಮನೆಯಲ್ಲಿದ್ದವರನ್ನು ಎಣಿಸಿ ಹೇಳುವುದು ನಮ್ಮ ಕಡೆಯ ರೂಢಿ. ಕೊಟ್ಟ ಮಗಳು ಗಂಡನ ಮನೆಯ ಲೆಕ್ಕಕ್ಕೆ ಸೇರಿದವಳು. ಹಾಲವ್ವನನ್ನು ನಾಲ್ಕು ವರ್ಷದ ಹಿಂದೆ ಹಿರೇಕೆರೂರು ತಾಲೂಕಿನ ಚಿಕ್ಕೇರೂರಿಗೆ ಕೊಟ್ಟಿದ್ದರು. ಧಾರೆ ಎರೆದ ದಿನವೇ ಅವಳ ವಂಶದ ಗುರುತಾದ ಬೆಡಗು ಬದಲಾಗಿ ಗಂಡನ ಬೆಡಗು ಬಂದಿತ್ತು. ಹುಬ್ಬಳ್ಳಿಯ ಡಾಕ್ಟರಿಗೆ ಇದು ಹೇಗೆ ತಿಳಿಯಬೇಕು? ಅವರು ಕೇಳಿದ್ದು ಮಕ್ಕಳನ್ನು, ಇವನು ಹೇಳಿದ್ದು ಮನೆಯನ್ನು.

"ಆಕಿ ಬೆಡಗ ಬ್ಯಾರೆ ಆತಲ್ಲ ತಂಗಿ" ಎಂದ. "ರಕ್ತನೂ ಆ ಮನೀದ ಆಗಿರತೈತಿ. ನಾಕು ವರ್ಷ ಅವರ ಮನಿ ರೊಟ್ಟಿ ಉಂಡಾಳ."

ಗೌಹರ ನಗಲಿಲ್ಲ. ನಗುವ ಮಾತೂ ಅದಾಗಿರಲಿಲ್ಲ.

"ಧಾರಿ ನೀರು ಅಂಗೈ ಮ್ಯಾಲೆ ಬಿದ್ದು ಹರದು ಹೋಗತೈತಿ ಅಣ್ಣಾ. ಎಲುಬಿನೊಳಗ ಇಳಿಯಂಗಿಲ್ಲ" ಎಂದಳು.

ಇಬ್ಬರೂ ಮನೆಗೆ ಬಂದರು. ಕುಬೇರಪ್ಪನ ಹೆಂಡತಿ ಸರೋಜವ್ವ ಚಹಾ ತಂದಿಟ್ಟು ಬಾಗಿಲ ಮರೆಯಲ್ಲಿ ನಿಂತಳು. ಗೌಹರ ಕಟ್ಟೆಯ ಮೇಲೆ ಮಂಜಪ್ಪನ ಪಕ್ಕದಲ್ಲಿ ಕೂತು ನಿಧಾನವಾಗಿ ಹೇಳಿದಳು. ನಮ್ಮ ಎಲುಬಿನೊಳಗೆ ಮೆತ್ತನೆಯ ಮಜ್ಜೆ ಇರುತ್ತದೆ. ಆ ಮಜ್ಜೆಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಮೂಲಕೋಶಗಳು ಇರುತ್ತವೆ. ಮೈಗೆ ಕಸುವು ಕೊಡುವ ಕೆಂಪು ಕಣ, ರೋಗದೊಡನೆ ಹೋರಾಡುವ ಬಿಳಿ ಕಣ, ಗಾಯವಾದರೆ ರಕ್ತ ನಿಲ್ಲಿಸುವ ಕಣ, ಮೂರೂ ಹುಟ್ಟುವುದು ಅವುಗಳಿಂದಲೇ. ಹಳೆಯ ಕಣ ಸಾಯುತ್ತವೆ, ಮೂಲಕೋಶಗಳು ಹೊಸದನ್ನು ಹುಟ್ಟಿಸುತ್ತಲೇ ಇರುತ್ತವೆ. ಅವೇ ಇಲ್ಲವಾದರೆ ಹೊರಗಿನಿಂದ ಎಷ್ಟು ಬಾಟಲಿ ರಕ್ತ ಹಾಕಿದರೂ ಕೆಲವೇ ದಿನ.

ಮಂಜಪ್ಪ ಕಂಬಳಿಯೊಳಗಿನಿಂದಲೇ ನಕ್ಕ. "ಅಂದ್ರ ನನ್ನೊಳಗಿನ ಗಣ್ಣು ಸತ್ತಾವು ಅನ್ರಿ ಗೌಹರಕ್ಕ. ಬರೇ ಬಳ್ಳಿಗೆ ನೀರು ಹಾಕಾಕತ್ತೇವಿ."

ಎಲೆತೋಟದವರ ಮಗ. ಎಲೆಬಳ್ಳಿ ಚಿಗುರುವುದು ಗಣ್ಣಿನಲ್ಲಿ, ಹೊಸ ಬಳ್ಳಿ ಹಚ್ಚುವುದೂ ಗಣ್ಣಿನಿಂದಲೇ. ಹಾಗೆಯೇ ಎಂದು ಗೌಹರ ತಲೆಯಾಡಿಸಿದಳು. ಧಾರವಾಡದಲ್ಲಿ ನಡೆದ ತರಬೇತಿಯಲ್ಲಿ ಒಬ್ಬ ವೈದ್ಯರು ಹೇಳಿದ ಮಾತನ್ನೂ ನೆನಪಿಸಿಕೊಂಡಳು. ಹದಿನೆಂಟು ವರ್ಷದ ಹಿಂದೆ, ಅರವತ್ತೆಂಟನೆಯ ಇಸವಿಯಲ್ಲಿ, ಅಮೆರಿಕಾ ದೇಶದಲ್ಲಿ, ರೋಗದೊಡನೆ ಹೋರಾಡುವ ಶಕ್ತಿಯೇ ಇಲ್ಲದೆ ಹುಟ್ಟಿದ ಕೆಲವೇ ತಿಂಗಳ ಗಂಡುಕೂಸಿಗೆ ಅದರ ಅಕ್ಕನ ಮಜ್ಜೆ ಹಾಕಿ ಉಳಿಸಿಕೊಂಡರಂತೆ. ಈಗ ಆ ದೇಶಗಳಲ್ಲಿ ಕೆಲವು ಬಗೆಯ ರಕ್ತದ ಕ್ಯಾನ್ಸರಿಗೂ ಇದನ್ನು ಮಾಡುತ್ತಾರೆ. ಇಂಗ್ಲೆಂಡಿನಲ್ಲಿ, ಯಾರಿಗಾದರೂ ಹೊಂದಿದರೆ ನನ್ನ ಮಜ್ಜೆ ಕೊಡುತ್ತೇನೆ ಎಂದು ಸಂಬಂಧವಿಲ್ಲದ ಜನರೂ ಮೊದಲೇ ಹೆಸರು ಬರೆಸಿರುತ್ತಾರೆ. ನಮ್ಮ ದೇಶದಲ್ಲಿ ಶುರುವಾಗಿ ಇನ್ನೂ ಹೆಚ್ಚು ವರ್ಷವಾಗಿಲ್ಲ.

ಒಂದು ಮಾತನ್ನು ಮಾತ್ರ ಅವಳು ಮರೆಮಾಚಲಿಲ್ಲ. ಒಡಹುಟ್ಟಿದವರದು ಹೊಂದಲೇಬೇಕೆಂದಿಲ್ಲ, ಒಬ್ಬೊಬ್ಬರದು ಹೊಂದುವ ಸಂಭವ ನಾಲ್ಕರಲ್ಲಿ ಒಂದು ಪಾಲು. ಹೊಂದಿದರೂ ಚಿಕಿತ್ಸೆ ಹಗುರವಲ್ಲ, ಗೆದ್ದೇ ಗೆಲ್ಲುತ್ತದೆಂದು ಯಾವ ಡಾಕ್ಟರೂ ಬರೆದು ಕೊಡುವುದಿಲ್ಲ.

ಬೆಡಗಿನ ಮಾತು ಕುಬೇರಪ್ಪನ ಮನಸ್ಸಿನಿಂದ ಅರ್ಧ ಇಳಿದಿತ್ತು. ಇನ್ನೊಂದು ಹಾಗೆಯೇ ಕುಳಿತಿತ್ತು. ಉಡಿ ತುಂಬಿ ಕಳಿಸಿದ ದಿನ ಬೀಗಿತಿಯ ಕೈಯಲ್ಲಿ ಮಗಳ ಕೈಯಿಟ್ಟು, ಇನ್ನು ಇವಳು ನಿಮ್ಮವಳು ಎಂದು ಹತ್ತು ಮಂದಿಯ ಮುಂದೆ ಹೇಳಿದವನು ಅವನು. ಈಗ ಅದೇ ಬಾಗಿಲಿಗೆ ಹೋಗಿ ಅವಳ ಎಲುಬಿನೊಳಗಿನದನ್ನು ಕೊಡಿ ಎಂದು ಹೇಗೆ ಕೇಳುವುದು? ಕೊಟ್ಟದ್ದರಲ್ಲಿ ಪಾಲು ಕೇಳಿದ ಹಾಗಾಗುವುದಿಲ್ಲವೇ?

ಗಂಡನ ಮಾತಿಗೆ ಎದುರಾಡಿದವಳಲ್ಲ ಸರೋಜವ್ವ. ಬಾಗಿಲ ಮರೆಯಿಂದ ಈಚೆ ಬಂದು ನಿಂತಳು.

"ನೀವು ಹೋಗದಿದ್ರ ನಾ ಹೋಗ್ತೇನಿ. ಇಬ್ಬರನ್ನೂ ಒಂದ ಹೊಟ್ಟ್ಯಾಗ ಹೊತ್ತೇನಿ. ನನಗ ಯಾವ ಬೆಡಗಿಂದೂ ಅಡ್ಡಿ ಇಲ್ಲ."

ಮರುದಿನವೇ ಕುಬೇರಪ್ಪ ಹೊರಟ. ಗೌಹರ ರಜೆ ಹಾಕಿ ಜೊತೆಗೆ ಬಂದಳು. ಬಂಕಾಪುರದ ಮೇಲೆ ಹಾನಗಲ್ಲಿಗೆ ಒಂದು ಬಸ್ಸು, ಅಲ್ಲಿಂದ ಚಿಕ್ಕೇರೂರಿಗೆ ಇನ್ನೊಂದು. ಹಾನಗಲ್ ಬಸ್ ಸ್ಟ್ಯಾಂಡಿನಲ್ಲಿ ಗೌಹರ ಚಹಾ ಕೊಡಿಸಿದರೆ ಕುಬೇರಪ್ಪ ಲೋಟ ಹಿಡಿದುಕೊಂಡು ಆರಿಸುತ್ತಲೇ ಕೂತ. ತೊಡೆಯ ಮೇಲೆ ಎಲೆಯ ಕಟ್ಟು. ಬೀಗರ ಮನೆಗೆ ಬರಿಗೈಯಲ್ಲಿ ಹೋಗುವ ಹಾಗಿಲ್ಲವಲ್ಲ. ಗಾಳಿ ಬಡಿದ ಎಲೆಗಳಲ್ಲೇ ಒಳ್ಳೆಯವನ್ನು ಆರಿಸಿ ಕಟ್ಟಿ ತಂದಿದ್ದ.

ಹಾಲವ್ವನ ಅತ್ತೆ ಗುತ್ತೆವ್ವ ಗಂಡ ಹೋದ ಮೇಲೆ ಮನೆ, ಹೊಲ ಎರಡನ್ನೂ ಹಿಡಿದು ನಿಂತವಳು. ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಬೀಗನನ್ನು ಕಂಡು ಮೊರ ಕೆಳಗಿಟ್ಟಳು.

"ಬರ್ರಿ ಬೀಗರ, ಕುಂಡ್ರಿ. ಓಟು ಕೇಳಾವರಂಗ ಐದು ವರ್ಷಕ್ಕೊಮ್ಮೆ ಬರೂದು ಅಂತ ಮಾಡೀರೇನು? ಇನ್ನೂ ಒಂದು ವರ್ಷ ಬಾಕಿ ಇತ್ತಲ್ಲ."

ಬೆಲ್ಲ, ನೀರು ಬಂದವು. ಹಾಲವ್ವ ತಂದೆಯ ಮುಖ ನೋಡಿದ ಕೂಡಲೇ ಏನೋ ಆಗಿದೆ ಎಂದು ತಿಳಿದುಕೊಂಡಳು; ಆದರೆ ಹಿರಿಯರ ಮುಂದೆ ಕೇಳದೆ ಒಲೆಯ ಮುಂದೆ ಹೋಗಿ ಕೂತು ರೊಟ್ಟಿ ಬಡಿಯತೊಡಗಿದಳು. ಕುಬೇರಪ್ಪ ಎಲೆಯ ಕಟ್ಟನ್ನು ಬೀಗಿತಿಯ ಮುಂದಿಟ್ಟ. ಎಲ್ಲವನ್ನೂ ಗೌಹರಳೇ ಹೇಳಬೇಕಾಯಿತು. ಒಳಗೆ ಬಡಿತ ನಿಂತಿತು. ರೊಟ್ಟಿ ಸೀದ ವಾಸನೆ ಬಂತು.

ಗುತ್ತೆವ್ವ ಕೇಳಿಸಿಕೊಂಡಳು. ಮಂಜಪ್ಪನ ಹೆಸರು ಬಂದಾಗ ಸೆರಗಿನಿಂದ ಕಣ್ಣು ಒತ್ತಿಕೊಂಡಳು. ಆದರೆ ಮಾತು ಮುಗಿದ ಮೇಲೆ ಆಗುವುದಿಲ್ಲ ಎಂದಳು.

"ಹೆಣ್ಣಿನ ಬಲ ಎಲ್ಲಾ ಸೊಂಟದಾಗ ಇರತೈತಿ ತಾಯಿ. ಮೊದಲನೇ ಹೆರಿಗ್ಯಾಗ ಆಕಿ ಎಷ್ಟು ಕಷ್ಟಪಟ್ಟಾಳ, ನಾ ಬಾಜೂಕ ಕುಂತು ನೋಡೇನಿ. ಅದ ಸೊಂಟಕ್ಕ ಸೂಜಿ ಚುಚ್ಚಿದ್ರ ನಾಳೆ ಕೊಡ ಎತ್ತಾಕ ಬರಂಗಿಲ್ಲ, ಇನ್ನೊಂದು ಕೂಸು ಹಡಿಯಾಕ ಬರಂಗಿಲ್ಲ. ನನಗ ಹೆಣ್ಣುಮಕ್ಕಳಿಲ್ಲ. ಬೀಗರಿಗೆ ಮಂಜಪ್ಪ ಹ್ಯಾಂಗೋ, ನನಗ ಆಕಿ ಹಂಗ."

ಇದು ಹಟದ ಮಾತಲ್ಲ. ಮಮತೆಯ ಮಾತು. ಅದಕ್ಕೇ ಗೌಹರ ಅದನ್ನು ಕಡಿದು ಹಾಕಲು ಹೋಗಲಿಲ್ಲ. ಒಂದೊಂದೇ ಎಳೆ ಬಿಡಿಸಿದಳು. ಸೂಜಿ ಹಾಕುವುದು ಬೆನ್ನುಹುರಿಗೆ ಅಲ್ಲ, ಸೊಂಟದ ಹಿಂಬದಿಯಲ್ಲಿ ಕೈಗೆ ಹತ್ತುವ ಎಲುಬಿನ ಅಂಚಿಗೆ. ನಿದ್ದೆಯ ಔಷಧ ಕೊಟ್ಟಿರುತ್ತಾರೆ, ಆಗ ನೋವು ತಿಳಿಯುವುದಿಲ್ಲ. ಎದ್ದ ಮೇಲೆ ಕೆಲವು ದಿನ ಪೆಟ್ಟು ಬಿದ್ದ ಹಾಗೆ ನೋಯುತ್ತದೆ. ತೆಗೆದದ್ದು ಇದ್ದದ್ದರಲ್ಲಿ ಸ್ವಲ್ಪವೇ. ಕೆಲವು ವಾರದಲ್ಲಿ ಮೈ ತಾನೇ ಅದನ್ನು ತುಂಬಿಕೊಳ್ಳುತ್ತದೆ. ಗರ್ಭಕ್ಕೂ ಇದಕ್ಕೂ ಸಂಬಂಧವಿಲ್ಲ. ಕೊಡುವವರನ್ನು ಮೊದಲು ಚೆನ್ನಾಗಿ ಪರೀಕ್ಷೆ ಮಾಡುತ್ತಾರೆ. ಬಸುರಿಯಾಗಿದ್ದರೆ, ಮೈಯಲ್ಲಿ ಏನಾದರೂ ಕೊರತೆಯಿದ್ದರೆ ತೆಗೆಯುವುದೇ ಇಲ್ಲ. ನಿದ್ದೆಯ ಔಷಧ ಕೊಡುವಾಗ ಯಾವ ದವಾಖಾನೆಯಲ್ಲಾದರೂ ಇರುವ ಸಣ್ಣ ಅಪಾಯ ಇಲ್ಲಿಯೂ ಇದೆ, ಅದನ್ನು ಕೇಳಿ ತಿಳಿದುಕೊಂಡೇ ಒಪ್ಪಬೇಕು.

ಗುತ್ತೆವ್ವ ಜೋಳದ ಕಾಳನ್ನು ಬೆರಳಿನಿಂದ ಸರಿಸುತ್ತಿದ್ದಳು. ಹಾಲವ್ವನ ಗಂಡ ಉಡಚಪ್ಪ ಹೊಲದಿಂದ ಬಂದವನು ಕಂಬಕ್ಕೆ ಒರಗಿ ಎಲ್ಲ ಕೇಳಿ, ಅವಳ ಮೈ, ಅವಳು ಹೇಳಿದ ಹಾಗೆ ಎಂದ. ಆ ಮನೆಯಲ್ಲಿ ತಾಯಿಯ ಮುಂದೆ ಅವನು ಅಷ್ಟು ಹೇಳಿದ್ದೇ ಹೆಚ್ಚು. ಗುತ್ತೆವ್ವ ಮಗನ ಕಡೆ ಒಮ್ಮೆ ನೋಡಿ ಮತ್ತೆ ಕಾಳಿನ ಕಡೆ ತಿರುಗಿದಳು.

ಕುಬೇರಪ್ಪನಿಗೆ ಕೂತಿರಲು ಆಗಲಿಲ್ಲ. ಎದ್ದು ಹಿತ್ತಲಿಗೆ ಹೋದ.

ಹಿತ್ತಲಿನ ಬಾವಿಯ ಪಕ್ಕದಲ್ಲಿ ಚೊಗಚಿ ಗಿಡಗಳ ಸಾಲು. ಅವುಗಳ ಮೇಲೆ ಎಲೆಬಳ್ಳಿ ದಟ್ಟವಾಗಿ ಹಬ್ಬಿತ್ತು. ಮಗಳನ್ನು ಕಳಿಸುವಾಗ ಉಡಿಯ ಅಕ್ಕಿ, ಕೊಬ್ಬರಿಯ ಜೊತೆಗೆ ಒದ್ದೆ ಗೋಣಿತಾಟಿನಲ್ಲಿ ಸುತ್ತಿ ಅವನೇ ಕೊಟ್ಟ ಬೀಜದ ಬಳ್ಳಿ ಅದು. ಎಲೆತೋಟದವರಲ್ಲಿ ಒಂದು ನೇಮವುಂಟು. ಬೀಜದ ಬಳ್ಳಿಯನ್ನು ಮಾರುವುದಿಲ್ಲ, ಕೊಳ್ಳುವುದಿಲ್ಲ. ಕೈಗಡವಾಗಿ ಕೊಡುವುದು. ಕೊಟ್ಟವನ ತೋಟ ಎಂದಾದರೂ ಹಾಳಾದರೆ, ಒಯ್ದವನು ಅಷ್ಟೇ ಬಳ್ಳಿಯನ್ನು ತಿರುಗಿ ತಂದುಕೊಡಬೇಕು. ಹೋದ ಮಳೆಗಾಲದಲ್ಲಿ ಕುಬೇರಪ್ಪನ ತೋಟದ ಪಡುವಣ ಸಾಲುಗಳೆಲ್ಲ ಬುಡ ಕೊಳೆತು ಹೋಗಿದ್ದವು. ಸವಣೂರಿನ ಎಲ್ಲ ತೋಟದವರಲ್ಲಿ ಕೇಳಿದ್ದ. ಇಲ್ಲಿ ಮಾತ್ರ ಕೇಳಿರಲಿಲ್ಲ. ಮಗಳ ಮನೆ.

ಒಂದು ಎಲೆ ಕಿತ್ತು, ಮಡಚಿ, ಬಾಯಿಗಿಟ್ಟುಕೊಂಡ. ಕಣ್ಣು ಮುಚ್ಚಿ ಅಗಿಯುತ್ತ ನಿಂತ. ಹಿಂದೆ ಗುತ್ತೆವ್ವ ಬಂದದ್ದು ತಿಳಿಯಲಿಲ್ಲ.

ಎಲೆ ಹೇಗಿದೆ ಎಂದು ಅವಳು ಕೇಳಿದಳು. ಈ ನೆಲದಲ್ಲಿ ಬೆಳೆದರೂ ಖಾರ, ಕಂಪು ಎರಡೂ ನಮ್ಮ ತೋಟದ್ದೇ ಎಂದ ಕುಬೇರಪ್ಪ. ಹೇಳುತ್ತ ಹೇಳುತ್ತ ಅವನಿಗೆ ತನ್ನ ಮಾತೇ ತನಗೆ ಕೇಳಿಸಿದಂತಾಯಿತು. ಅಲ್ಲಿ ನಮ್ಮ ಸಾಲುಗಳು ಕೊಳೆತು ಹೋದವು ಎಂದು ಮೆಲ್ಲಗೆ ಹೇಳಿದ.

ಗುತ್ತೆವ್ವನಿಗೆ ಸಿಟ್ಟು ಬಂತು.

"ತ್ವಾಟ ಕೊಳತು ಹೋತು, ಹೇಳಲಿಲ್ಲ. ಮಗ ಹಾಸಿಗಿ ಹಿಡದ, ಹೇಳಲಿಲ್ಲ. ನಮ್ಮನ್ನ ಏನಂತ ತಿಳಕೊಂಡೀರಿ ಬೀಗರ?"

"ಕೊಟ್ಟದ್ದನ್ನ ತಿರುಗಿ ಕೇಳಬಾರದು ಅಂತ ಬಿಟ್ನಿರಿ ಬೀಗತ್ಯಾರ."

"ಬಳ್ಳಿ ಕೊಟ್ಟದ್ದಲ್ಲ, ಕೈಗಡ. ನಾ ಮರತಿಲ್ಲ. ಈ ಗಾಳ್ಯಾಗ ಕಿತ್ತರ ಒಣಗತೈತಿ. ಮಳಿ ಬೀಳಲಿ, ನಾನ ತಂದು ಕೊಡ್ತೇನಿ."

ಅಷ್ಟರಲ್ಲಿ ಹಾಲವ್ವ ಬಂದಳು. ಕಂಕುಳಲ್ಲಿ ಎರಡು ವರ್ಷದ ಮಗ, ಕೈಗೆ ಇನ್ನೂ ಮೆತ್ತಿದ ಹಿಟ್ಟು. ತಂದೆಯ ಕಡೆ ನೋಡಲಿಲ್ಲ. ಅತ್ತೆಯ ಕಡೆಗೇ ತಿರುಗಿ ಕೇಳಿದಳು.

"ಅತ್ತ್ಯಾರ, ಬೀಜಕ್ಕ ಅಂತ ಮ್ಯಾಲಿಂದ ಕೊಯ್ದು ಕೊಟ್ರ ಈ ಬಳ್ಳಿ ಸಾಯತೈತೇನ್ರಿ?"

"ಸಾಯೂದ್ಯಾಕ? ಬುಡ ಗಟ್ಟಿ ಇದ್ರ ಮೊದಲಿಗಿಂತ ಜಾಸ್ತಿ ಒಡಿತೈತಿ" ಎಂದಳು ಗುತ್ತೆವ್ವ. ಎಂದವಳು ಅಲ್ಲೇ ನಿಂತಳು.

"ನನ್ನ ಬುಡ ನಿಮ್ಮ ಮನ್ಯಾಗ ಗಟ್ಟಿ ಐತ್ರಿ. ತಮ್ಮಗ ಎರಡು ಗಣ್ಣು ಕೊಟ್ಟು ಬರ್ತೇನಿ. ಹೂಂ ಅನ್ರಿ."

ಬಾವಿಯ ಗಡಗಡಿಯ ಮೇಲೆ ಒಂದು ಗುಬ್ಬಿ ಕೂತು ಹಾರಿತು. ಗುತ್ತೆವ್ವ ಸೊಸೆಯ ಮುಖವನ್ನು ದಿಟ್ಟಿಸಿ ನೋಡಿದಳು. ಆಮೇಲೆ ಎರಡೂ ಕೈ ಚಾಚಿ ಅವಳ ಕಂಕುಳಿನಿಂದ ಮೊಮ್ಮಗನನ್ನು ಎತ್ತಿಕೊಂಡಳು.

"ನಾನೂ ಬರ್ತೇನಿ" ಎಂದಳು. "ಆ ಸೂಜಿ ಎಲ್ಲಿ ಹಾಕ್ತಾರ ಅಂತ ನಾ ಕಣ್ಣಾರೆ ನೋಡಬೇಕು."

ಹುಬ್ಬಳ್ಳಿಯಲ್ಲಿ ಹಾಲವ್ವನ ರಕ್ತ ತೆಗೆದು ಪರೀಕ್ಷೆಗೆ ಮುಂಬಯಿಗೆ ಕಳಿಸಿದರು. ಕಾಯುವ ದಿನಗಳು ಬಂದವು. ಕುಬೇರಪ್ಪ ದಿನವೂ ಪೂಜೆಗೆ ಕೂತಾಗ, ಹೊಂದಲಿ ಎಂದು ಬೇಡಿಕೊಳ್ಳುತ್ತಿರಲಿಲ್ಲ. ಮಕ್ಕಳನ್ನು ಎಣಿಸುವಾಗ ಒಬ್ಬಳನ್ನು ಬಿಟ್ಟವನು ನಾನು, ಶಿವನೇ, ನೀನು ಮಾತ್ರ ಮೂವರನ್ನೂ ಎಣಿಸಿಕೋ ಎಂದಷ್ಟೇ ಹೇಳಿ ಏಳುತ್ತಿದ್ದ.

ಒಂದು ದಿನ ಗೌಹರ ಎಂದಿನಂತೆಯೇ ಬದುವಿನ ಮೇಲೆ ನಡೆದುಬಂದಳು. ಅವಸರ ಮಾಡಲಿಲ್ಲ. ಹತ್ತಿರ ಬಂದು, ಹಾಲವ್ವನದು ಹೊಂದಿದೆ ಎಂದಳು. ಕುಬೇರಪ್ಪ ಎಲೆಬುಟ್ಟಿ ಕೆಳಗಿಟ್ಟು ಅಲ್ಲೇ ತೇವದ ನೆಲದ ಮೇಲೆ ಕೂತುಬಿಟ್ಟ. ಅವಳು ಅಂದು ಎಲೆಗಳನ್ನು ತಾನೇ ಕಿತ್ತುಕೊಂಡು ಹೋದಳು.

ಮುಂಬಯಿಯ ದೊಡ್ಡ ದವಾಖಾನೆಯಲ್ಲಿ ಗುತ್ತೆವ್ವನನ್ನು ಆಪರೇಷನ್ ಕೋಣೆಯೊಳಗೆ ಬಿಡಲಿಲ್ಲ. ಬಾಗಿಲು ಬಿಟ್ಟು ಅವಳು ಸರಿಯಲಿಲ್ಲ. ಕೊನೆಗೆ ಕನ್ನಡ ಬಲ್ಲ ಡಾಕ್ಟರಬಾಯಿಯೊಬ್ಬರು ಹೊರಗೆ ಬಂದು, ಗುತ್ತೆವ್ವನ ಸೊಂಟದ ಮೇಲೆಯೇ ತಮ್ಮ ಕೈಯಿಟ್ಟು, ಇಲ್ಲಿ ಅಜ್ಜಿ, ಈ ಎಲುಬಿನ ಅಂಚಿಗೆ ಎಂದು ತೋರಿಸಿದರು. ಗುತ್ತೆವ್ವ ಆ ಜಾಗವನ್ನು ತಾನೇ ಒತ್ತಿ ನೋಡಿಕೊಂಡಳು. ಆಗ ಬಾಗಿಲು ಬಿಟ್ಟಳು.

ಹಾಲವ್ವನಿಗೆ ಎಚ್ಚರವಾದಾಗ ಯಾರೋ ಕಾಲು ಒತ್ತುತ್ತಿದ್ದರು. ಕಣ್ಣು ತೆರೆದು ನೋಡಿದರೆ ಅತ್ತೆ. ಗಾಬರಿಯಾಗಿ ಕಾಲು ಎಳೆದುಕೊಳ್ಳಲು ಹೋದಳು, ಸೊಂಟ ನೋಯಿತು.

"ಸುಮ್ನ ಮಲಕ್ಕೋ" ಎಂದಳು ಗುತ್ತೆವ್ವ. "ಸೊಸಿ ಕಾಲ ಒತ್ತತಾಳ ಅಂತ ನೋಡಾವರು ನೋಡ್ಲಿ. ಇಲ್ಲಿ ನಮ್ಮೂರವರು ಯಾರದಾರ?"

ಆ ಹೊತ್ತಿಗೆ ಗಾಜಿನ ಆಚೆ ಮಂಜಪ್ಪನ ಕೋಣೆಯಲ್ಲಿ ಅಕ್ಕನ ಮಜ್ಜೆ ಕೆಂಪಗೆ ತೂಗುತ್ತಿತ್ತು. ನೋಡಿದರೆ ರಕ್ತದ ಹಾಗೆಯೇ ಇತ್ತು. ಹನಿಹನಿಯಾಗಿ ಕೈಯ ನರದೊಳಗೆ ಇಳಿಯುತ್ತಿತ್ತು. ಕೈಯಲ್ಲಿ ಹಾಕಿದ್ದು ಎಲುಬಿಗೆ ಹೇಗೆ ಮುಟ್ಟುತ್ತದೆ ಎಂದು ಕುಬೇರಪ್ಪ ಕೇಳಿದ. ಆ ಕೋಶಗಳು ತಮ್ಮ ಜಾಗವನ್ನು ತಾವೇ ಹುಡುಕಿಕೊಂಡು ಹೋಗಿ ನೆಲೆ ನಿಲ್ಲುತ್ತವೆ, ದಾರಿ ಹೇಗೆ ತಿಳಿಯುತ್ತದೆ ಎಂಬುದನ್ನು ಜಗತ್ತಿನ ಪಂಡಿತರು ಇನ್ನೂ ಹುಡುಕುತ್ತಿದ್ದಾರೆ ಎಂದು ಡಾಕ್ಟರಬಾಯಿ ಹೇಳಿದರು. ಕುಬೇರಪ್ಪ ಗಾಜಿನ ಈಚೆಯಿಂದಲೇ ಆ ಕೆಂಪು ಹನಿಗೆ ಕೈ ಮುಗಿದ.

ಆಮೇಲಿನ ವಾರಗಳು ಸುಲಭದವಾಗಿರಲಿಲ್ಲ. ಮಂಜಪ್ಪನಿಗೆ ಜ್ವರ ಬಂತು, ಬಾಯಿ ಹುಣ್ಣಾಯಿತು, ಮಜ್ಜೆ ಹಾಕುವ ಮೊದಲು ಕೊಟ್ಟ ಕಡು ಔಷಧಕ್ಕೆ ತಲೆಗೂದಲು ಉದುರಿತು. ಪಕ್ಕದ ಕೋಣೆಯ ತಾಯಿಯೊಬ್ಬಳು ತನ್ನ ಮಗಳಿಲ್ಲದೆ ಊರಿಗೆ ಹೊರಟಳು. ಅವಳ ಭಾಷೆ ಸರೋಜವ್ವನಿಗೆ ಬರುತ್ತಿರಲಿಲ್ಲ. ಆದರೂ ಇವಳೇ ಅವಳ ಗಂಟನ್ನು ಹೊತ್ತು ಮೆಟ್ಟಿಲಿನವರೆಗೆ ಕಳಿಸಿ ಬಂದಳು. ಅಂದು ಸರೋಜವ್ವ ಊಟ ಮಾಡಲಿಲ್ಲ. ಮೂರನೆಯ ವಾರ ಕಳೆಯುವ ಹೊತ್ತಿಗೆ, ರಕ್ತ ನೋಡಿದ ಡಾಕ್ಟರಬಾಯಿ ಹೊಸ ಬಿಳಿ ಕಣಗಳು ಕಾಣಿಸಿಕೊಂಡಿವೆ ಎಂದರು. ಹೆಚ್ಚಿಲ್ಲ, ಆದರೆ ಹುಟ್ಟುತ್ತಿವೆ ಎಂದರು. ಮುಂದಿನ ವಾರ ಇನ್ನಷ್ಟು.

ಇದೆಲ್ಲ ಆಗಿ ಈಗ ಎರಡು ವರ್ಷ. ಮಂಜಪ್ಪ ಡಾಕ್ಟರು ಹೇಳಿದ ದಿನಕ್ಕೆ ಹೋಗಿ ಪರೀಕ್ಷೆ ಮಾಡಿಸಿಕೊಂಡು ಬರುತ್ತಾನೆ. ಬೇವಿನ ಕಡ್ಡಿಯಿಂದ ಹಲ್ಲು ತಿಕ್ಕುತ್ತಾನೆ, ಉಗುಳು ಬೆಳ್ಳಗೆ ಬೀಳುತ್ತದೆ. ಈ ಮಾಘದ ಗಾಳಿಗೆ ಮೂಡಣ ಬೇಲಿಯ ತಡಿಕೆಯನ್ನೆಲ್ಲ ಅವನೇ ಕಟ್ಟಿದ. ಹೋದ ಕಾರ್ತೀಕದಲ್ಲಿ ಹಾಲವ್ವ ಹೆಣ್ಣುಮಗುವನ್ನು ಹೆತ್ತಳು. ಮೊದಲನೆಯದಕ್ಕಿಂತ ಹಗುರವಾಗಿ ಆಯಿತು. ಅವಳು ಕೊಡ ಎತ್ತುವುದನ್ನು ನೋಡಬೇಕಾದರೆ ಚಿಕ್ಕೇರೂರಿನ ಬಾವಿಗೆ ಹೋದರೆ ಸಾಕು. ಗುತ್ತೆವ್ವ ಈಗ ಊರಿನವರ ಮುಂದೆ, ಮಂಜಪ್ಪನ ಮೈಯಲ್ಲಿ ಹರಿಯುವುದು ನಮ್ಮ ಸೊಸೆಯ ರಕ್ತ, ಅದಕ್ಕೇ ಯುಗಾದಿಯ ಹೋಳಿಗೆಯನ್ನು ಅವನು ಮೊದಲು ನಮ್ಮ ಮನೆಯಲ್ಲೇ ಉಣ್ಣಬೇಕು ಎಂದು ಹೇಳುತ್ತಾಳೆ. ಸೊಂಟಕ್ಕೆ ಸೂಜಿ ಎಂದು ಯಾರಾದರೂ ಅಂಜಿದರೆ ಅವರ ಸೊಂಟದ ಮೇಲೆ ತಾನೇ ಕೈಯಿಟ್ಟು ಜಾಗ ತೋರಿಸುತ್ತಾಳೆ.

ಈ ಕಥೆ ಕೇಳುತ್ತಿರುವ ಅವ್ವಗಳಿರಾ, ಅಕ್ಕಗಳಿರಾ, ಅಣ್ಣಗಳಿರಾ, ನಿಮ್ಮಲ್ಲಿ ಒಂದು ಬೇಡಿಕೆ. ಮನೆಯಲ್ಲಿ ಯಾರಿಗಾದರೂ ಬಿಡದ ದಣಿವು, ಕಾರಣವಿಲ್ಲದ ನೀಲಿ ಕಲೆ, ಒಸಡಿನ ರಕ್ತ ಕಂಡರೆ ಪುಡಿ ನೆಕ್ಕಿಸುತ್ತ ಹಬ್ಬ ಕಳೆಯಬೇಡಿ, ದವಾಖಾನೆಗೆ ಕರೆದೊಯ್ದು ರಕ್ತ ಪರೀಕ್ಷೆ ಮಾಡಿಸಿರಿ. ಮಜ್ಜೆ ಬೇಕೆಂದು ಡಾಕ್ಟರು ಹೇಳಿದರೆ, ಮಕ್ಕಳೆಷ್ಟು ಎಂದು ಕೇಳಿದರೆ, ಹೆತ್ತ ಮಕ್ಕಳನ್ನೆಲ್ಲ ಎಣಿಸಿ ಹೇಳಿರಿ. ಕೊಟ್ಟ ಮಗಳನ್ನೂ ಎಣಿಸಿರಿ, ಬೇರೆಯಾದ ಮಗನನ್ನೂ ಎಣಿಸಿರಿ, ಮಾತು ಬಿಟ್ಟವರನ್ನೂ ಎಣಿಸಿರಿ. ಸೊಸೆಯನ್ನು ತವರು ಕೇಳಿದರೆ ಅಡ್ಡ ನಿಲ್ಲಬೇಡಿ. ಅವಳನ್ನೇ ಕೇಳಿರಿ, ಅವಳ ಜೊತೆಗೆ ಹೋಗಿರಿ. ಇದು ಎಲ್ಲ ರೋಗಕ್ಕೂ ಮದ್ದಲ್ಲ. ಎಲ್ಲಕ್ಕೂ ಇದೇ ಮದ್ದು ಎನ್ನುವವರನ್ನು ನಂಬಬೇಡಿ. ಆದರೆ ಕೆಲವು ರೋಗಕ್ಕೆ ಇದು ದಾರಿ. ಆ ದಾರಿ ಒಮ್ಮೊಮ್ಮೆ ಬೀಗರ ಮನೆಯ ಹಿತ್ತಲಿನಲ್ಲಿ ಹಾದು ಹೋಗುತ್ತದೆ.

ಒಂದು ಮಾತು ಉಳಿಯಿತು.

ಮುಂಬಯಿಯಿಂದ ಬಂದ ಮರು ವರ್ಷ, ಮಳೆ ಹಿಡಿದ ಮೇಲೆ, ಗುತ್ತೆವ್ವ ಒಬ್ಬಳೇ ಸವಣೂರಿನಲ್ಲಿ ಬಸ್ಸಿಳಿದಳು. ಮನೆಯ ಕಡೆ ತಿರುಗದೆ ನೆಟ್ಟಗೆ ತೋಟಕ್ಕೆ ನಡೆದಳು. ಪಡುವಣ ಬದಿಯ ಖಾಲಿ ಸಾಲಿನಲ್ಲಿ ಮಂಜಪ್ಪ ಗುದ್ದಲಿ ಹಿಡಿದು ಮಣ್ಣು ಸಡಿಲ ಮಾಡುತ್ತಿದ್ದ. ಅವಳನ್ನು ಕಂಡು ಗುದ್ದಲಿ ಬಿಟ್ಟು, ಕೈ ಒರೆಸಿಕೊಂಡು ಎದ್ದು ನಿಂತ. ಗುತ್ತೆವ್ವ ಕಂಕುಳಿನಿಂದ ಒದ್ದೆ ಗೋಣಿತಾಟಿನ ಸುರುಳಿ ತೆಗೆದು, ಕೂಸನ್ನು ಕೊಡುವ ಹಾಗೆ ಎರಡೂ ಕೈಯಿಂದ ಅವನ ಕೈಯಲ್ಲಿಟ್ಟಳು. ಅವನು ಅಂಚು ಸರಿಸಿ ನೋಡಿದ. ಗಣ್ಣುಗಳೆಲ್ಲ ಹಸಿರಾಗಿದ್ದವು.